ಹಸಿವಿಗೆ ನಿವೃತ್ತಿಯಿಲ್ಲ

ಸೈಕಲ್ ರೇಸ್ ಬಿಟ್ಟ ಮರುದಿನವೂ ಹತ್ತು ತೆಳ್ಳೇವು, ಅಂದರೆ ನಮ್ಮ ಕಡೆಯ ತೆಳು ದೋಸೆ, ತಿಂದೆ. ತಪ್ಪು ಅಲ್ಲಿಂದಲೇ ಶುರುವಾಯಿತು.

ಹನ್ನೆರಡು ವರ್ಷ ರಸ್ತೆ ರೇಸ್‌ಗಳಲ್ಲಿ ಇದ್ದೆ, ಎರಡು ಸಲ ರಾಜ್ಯ ಚಾಂಪಿಯನ್. ವಿಜಯಪುರದ ಬಯಲಲ್ಲಿ ಎದುರುಗಾಳಿಯೊಂದಿಗೆ ಗುದ್ದಾಟ, ರಜೆಗೆ ಶಿರಸಿಗೆ ಬಂದರೆ ದೇವಿಮನೆ ಘಟ್ಟ. ಐದು ತಾಸಿನ ಅಭ್ಯಾಸ ಮೂರು ಸಾವಿರ ಕ್ಯಾಲೊರಿಯನ್ನು ಸಲೀಸಾಗಿ ಸುಡುತ್ತದೆ. ತಿಂದದ್ದು ಎಲ್ಲಿ ಹೋಯಿತೆಂದು ಯಾರೂ ಕೇಳುವುದಿಲ್ಲ. ಮೊಣಕಾಲು ಕೈಕೊಟ್ಟಾಗ ಒಂದೇ ದಿನಕ್ಕೆ ಎಲ್ಲ ನಿಲ್ಲಿಸಿ ಅಪ್ಪನ ಅಡಿಕೆ ತೋಟಕ್ಕೆ ಮರಳಿದೆ. ಕಾಲು ನಿಂತಿತು, ಹೊಟ್ಟೆ ನಿಲ್ಲಲಿಲ್ಲ. ಎಂಟು ತಿಂಗಳಲ್ಲಿ ಹನ್ನೊಂದು ಕಿಲೋ ಏರಿದೆ. ಈ ಹೊಟ್ಟೆ ಹೊತ್ತು ಊರೊಳಗೆ ಸೈಕಲ್ ತುಳಿಯಲು ನಾಚಿಕೆ. ತುಳಿಯದೆ ಇನ್ನಷ್ಟು ಹೊಟ್ಟೆ.

ವರ್ಷಗಟ್ಟಲೆ ದುಡಿದ ಹೃದಯವನ್ನೂ ಸ್ನಾಯುಗಳನ್ನೂ ಹಂತ ಹಂತವಾಗಿ ಇಳಿಸಬೇಕು: ಐದು ತಾಸು ಮೂರಾಗಬೇಕು, ಮೂರು ಒಂದಾಗಬೇಕು, ಅದರ ಜೊತೆಗೇ ತಟ್ಟೆಯೂ ಇಳಿಯಬೇಕು. ನಾನು ಘಟ್ಟದ ತುದಿಯಿಂದ ಹಾರಿದ್ದೆ.

ಬೆನ್ನುನೋವಿಗೆ ತೋರಿಸಲು ಹೋದಾಗ ಇನ್ನೊಂದು ಸಂಗತಿ ತಿಳಿಯಿತು. ಮೂಳೆಯ ಸಾಂದ್ರತೆಯನ್ನು ಅಳೆದ ವೈದ್ಯರು, ಬೆನ್ನುಹುರಿಯ ಸುತ್ತಲ ಮೂಳೆಗಳು ವಯಸ್ಸಿಗಿಂತ ತೆಳುವಾಗಿವೆ ಎಂದರು. ರಸ್ತೆ ಸೈಕ್ಲಿಸ್ಟ್‌ಗಳಲ್ಲಿ ಇದು ಅಪರೂಪವಲ್ಲವಂತೆ. ಮೈಯ ಭಾರವನ್ನೆಲ್ಲ ಸೈಕಲ್ಲೇ ಹೊರುತ್ತದೆ. ಭಾರ ಬೀಳದ ಮೂಳೆ ಗಟ್ಟಿಯಾಗುವುದು ಹೇಗೆ? ಗಂಟೆಗೆ ನಲವತ್ತು ಕಿಲೋಮೀಟರ್ ಓಡಿಸುತ್ತಿದ್ದ ನನಗೆ ನಡೆಯುವುದೇ ಔಷಧವಾಯಿತು.

ಮೂಳೆಗೆ ಭಾರ ಬೀಳಲೆಂದು ಜಿಮ್ ಹುಡುಕಿಕೊಂಡು ಹೋಗಲಿಲ್ಲ. ಕೊಟ್ಟಿಗೆಯಿಂದ ತೋಟಕ್ಕೆ ಗೊಬ್ಬರ ಸಾಗಿಸುವ ಕೆಲಸ ಇತ್ತಲ್ಲ. ಮೊದಲು ಅರ್ಧ ಹೆಡಿಗೆ, ಎರಡು ತಿಂಗಳ ಮೇಲೆ ತುಂಬಿದ ಹೆಡಿಗೆ. ಇಳಿಯುವಾಗ ಮೊಣಕಾಲು ಮಾತಾಡಿದರೆ ಅಂದಿಗೆ ಅಲ್ಲಿಗೇ ಬಿಡುತ್ತಿದ್ದೆ. ಫ್ರಾನ್ಸ್‌ನ ಹೆಸರಾಂತ ಸೈಕಲ್ ರೇಸ್ ಟೂರ್ ಡಿ ಫ್ರಾನ್ಸನ್ನು ಐದು ಬಾರಿ ಗೆದ್ದ ಬರ್ನಾರ್ಡ್ ಹಿನೋ ಕೂಡ 1986ರಲ್ಲಿ, 32ನೇ ವಯಸ್ಸಿಗೆ ರೇಸ್ ಬಿಟ್ಟು ಅಲ್ಲಿನ ಬ್ರಿಟನಿ ಪ್ರಾಂತ್ಯದಲ್ಲಿ ದನ ಸಾಕಿಕೊಂಡು ಬೇಸಾಯಕ್ಕೆ ಇಳಿದವರು. ನನಗೆ ಇರುವುದು ಎರಡೇ ದನ. ಟೂರ್ ಅಂತೂ ಒಂದೂ ಇಲ್ಲ.

ಸೈಕಲ್ ಮತ್ತೆ ಅಟ್ಟದಿಂದ ಇಳಿದಿದೆ. ಹ್ಯಾಂಡಲ್‌ನ ಮೇಲಿದ್ದ ಮೀಟರನ್ನು ಕಿತ್ತಿಟ್ಟಿದ್ದೇನೆ, ಇಲ್ಲದಿದ್ದರೆ ಹಳೆಯ ನನ್ನ ಜೊತೆಗೇ ಪಂದ್ಯ ಹೂಡುತ್ತೇನೆ.

ಊಟಕ್ಕೆ ಈಗ ಲೆಕ್ಕವಿದೆ: ಗೊಬ್ಬರ ಹೊತ್ತ ದಿನ ಆರು ತೆಳ್ಳೇವು, ಹೊರದ ದಿನ ಮೂರು. ಆಯಿ ಈ ಲೆಕ್ಕವನ್ನು ಇನ್ನೂ ಒಪ್ಪಿಲ್ಲ. ನಾಲ್ಕನೆಯದನ್ನು ಬಿಸಿಯಾಗಿಯೇ ತಂದು ಎದುರು ನಿಲ್ಲುತ್ತಾಳೆ.