ಮನೆಯಲ್ಲೇ ಕ್ಲಾಸು: ಜಪಾನಿಗೆ ಹೊರಟ ಮಿಷನರಿ ದಂಪತಿಗೆ ನಾಲ್ಕು ಮಾತು

ಜಪಾನಿಗೆ ಹೋಗಿ, ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲೇ ಇಂಗ್ಲಿಷ್ ಕ್ಲಾಸು ನಡೆಸಲು ಹೊರಟಿರುವ ಗಂಡ-ಹೆಂಡತಿಗೆ ನಾನು ಹೇಳುವ ಮೊದಲ ಮಾತು: ನಿಮ್ಮ ದೊಡ್ಡ ಊಟ ಮಧ್ಯಾಹ್ನಕ್ಕೇ ಆಗಲಿ. ಸೇವೆಯ ಬಗ್ಗೆ ಹೇಳಲು ಸಭೆಯ ಹಿರಿಯರಿದ್ದಾರೆ. ನಾನು ನಮ್ಮ ಮನೆಯವರ ಜೊತೆ ಕೋಬೆ ಕಡೆ ಇದೇ ಕೆಲಸದಲ್ಲಿ ವರ್ಷಗಟ್ಟಲೆ ಕಳೆದವಳು. ಅಡುಗೆಮನೆ ಕಡೆಯ ಮಾತು ಹೇಳುತ್ತೇನೆ.

ಅಲ್ಲಿ ಚಿಕ್ಕ ಮಕ್ಕಳು ಶಾಲೆ ಬಿಟ್ಟು ಕ್ಲಾಸಿಗೆ ಬರುವುದು ಸಂಜೆ ನಾಲ್ಕರ ಮೇಲೆ. ಅವರ ಹಿಂದೆಯೇ ದೊಡ್ಡ ಮಕ್ಕಳು. ಆಫೀಸು ಮುಗಿಸಿದವರು ಏಳಕ್ಕೆ, ಎಂಟಕ್ಕೆ. ನಮ್ಮ ಮಂಗಳೂರಿನ ಮನೆಗಳಲ್ಲಿ ಸಂಜೆ ಪ್ರಾರ್ಥನೆ ಮುಗಿಸಿ ಎಲ್ಲರೂ ಒಟ್ಟಿಗೆ ಉಣ್ಣುವ ಹೊತ್ತಿಗೆ ಅಲ್ಲಿ ನಿಮ್ಮ ಕೆಲಸ ಅರ್ಧವೂ ಮುಗಿದಿರುವುದಿಲ್ಲ. ಕ್ಲಾಸಿನ ಮಧ್ಯೆ ಓಡಿ ಬಂದು ಸಾರು ಕುದಿಸಿ, ಹತ್ತು ಗಂಟೆಗೆ ಉಂಡು ಮಲಗುತ್ತಾ ಹೋದರೆ ಹೊಟ್ಟೆಯೂ ಕೆಡುತ್ತದೆ, ಗಂಡ-ಹೆಂಡಿರ ಮಾತೂ ಕೆಡುತ್ತದೆ. ಮನೆ ಪ್ರಾರ್ಥನೆಯನ್ನು ಬೆಳಗಿನ ತಿಂಡಿಗೆ ಮುಂಚೆ ಇಟ್ಟುಕೊಳ್ಳಿ. ಅನ್ನ, ಪಲ್ಯ, ಮೀನುಸಾರು ಎಲ್ಲ ಮಧ್ಯಾಹ್ನ, ಇಬ್ಬರೂ ಎದುರುಬದುರು ಕೂತು. ಮೂರೂವರೆಗೆ ಚಹಾ, ಜೊತೆಗೆ ಹೊಟ್ಟೆಗೆ ಏನಾದರೂ. ರಾತ್ರಿ ಗಂಜಿ ಸಾಕು. ಜಪಾನಿನ ಅಕ್ಕಿಗೆ ನಮ್ಮ ಕುಚ್ಚಲಕ್ಕಿಯ ರುಚಿ ಇಲ್ಲ. ಆದರೆ ಅಂಟು ಜಾಸ್ತಿ ಇರುವುದರಿಂದ ಗಂಜಿ ನುಣ್ಣಗೆ ಬರುತ್ತದೆ. ಉಪ್ಪಿನಲ್ಲಿ ಹಾಕಿಟ್ಟ ಉಮೆಬೋಶಿ ಅನ್ನುವ ಹುಳಿಕಾಯಿ ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ನಂಚಿಕೊಳ್ಳಲು ಅದೇ ಸಾಕು. ಮನೆಯಲ್ಲಿ ಸಣ್ಣ ಮಕ್ಕಳಿದ್ದರೆ ಆರರಿಂದ ಏಳರವರೆಗೆ ಇಬ್ಬರಲ್ಲಿ ಒಬ್ಬರು ಕ್ಲಾಸು ತೆಗೆದುಕೊಳ್ಳಲೇಬಾರದು. ಆ ಗಂಟೆಗೆ ಎಷ್ಟೇ ಜನ ಕೇಳಿಕೊಂಡು ಬಂದರೂ ಅಷ್ಟೆ. ಅದು ನಿಮ್ಮ ಮಕ್ಕಳ ಹೊತ್ತು.

ಒಗ್ಗರಣೆ ಮಧ್ಯಾಹ್ನವೇ ಮುಗಿದರೆ ಇನ್ನೊಂದು ಲಾಭವೂ ಇದೆ. ಅಲ್ಲಿನ ಮನೆಗಳು ಚಿಕ್ಕವು, ಚಳಿಗೆ ಕಿಟಕಿ ಮುಚ್ಚಿರುತ್ತವೆ. ಬೆಳ್ಳುಳ್ಳಿ, ಇಂಗು, ಒಣಮೀನಿನ ವಾಸನೆ ಪರದೆಗೂ ತತಾಮಿ ಚಾಪೆಗೂ ಹಿಡಿದರೆ ಬೇಗ ಬಿಡುವುದಿಲ್ಲ. ಬಂದವರು ಬಾಯಿಬಿಟ್ಟು ಹೇಳುವವರಲ್ಲ, ಸುಮ್ನೆ ಮುಂದಿನ ತಿಂಗಳಿಂದ ಬರುವುದನ್ನು ನಿಲ್ಲಿಸಬಹುದು. ಅಡುಗೆ ಆದ ಮೇಲೆ ಅರ್ಧ ಗಂಟೆ ಎರಡೂ ಕಡೆ ಕಿಟಕಿ ತೆರೆದಿಡಿ. ಕ್ಲಾಸಿನ ಕೋಣೆಗೂ ಅಡುಗೆಮನೆಗೂ ನಡುವೆ ಬಾಗಿಲಿರುವ ಮನೆಯನ್ನೇ ಹುಡುಕಿ.

ಇಡ್ಲಿ ಬಿಟ್ಟಿರಲು ಆಗದವರಿಗೆ ಒಂದು ಉಪಾಯ. ಅಲ್ಲಿ ಚಳಿಗಾಲದಲ್ಲಿ ಜನ ಇರುವ ಕೋಣೆಯನ್ನು ಮಾತ್ರ ಬೆಚ್ಚಗಿಡುತ್ತಾರೆ, ರಾತ್ರಿ ಅದನ್ನೂ ಆರಿಸುತ್ತಾರೆ. ಅಡುಗೆಮನೆಯಲ್ಲಿಟ್ಟ ಹಿಟ್ಟು ಎರಡು ದಿನವಾದರೂ ಏಳುವುದಿಲ್ಲ. ಸೂಪರ್‌ಮಾರ್ಕೆಟ್ಟಿನ ಮೀನಿನ ವಿಭಾಗದಲ್ಲಿ ಕೇಳಿ ಮುಚ್ಚಳವಿರುವ ಥರ್ಮೋಕೋಲ್ ಪೆಟ್ಟಿಗೆ ತನ್ನಿ, ತೊಳೆದು ಬಿಸಿಲಿಗೆ ಒಣಗಿಸಿ. ಹಾಸಿಗೆಯಲ್ಲಿ ಕಾಲಿಗೆ ಇಟ್ಟುಕೊಳ್ಳುವ ಬಿಸಿನೀರಿನ ಯುತಂಪೊ ಅಲ್ಲಿ ಎಲ್ಲೆಡೆ ಸಿಗುತ್ತದೆ. ಅದಕ್ಕೆ ಬಿಸಿನೀರು ತುಂಬಿ, ಹಳೇ ಟವೆಲ್ ಸುತ್ತಿ, ಪೆಟ್ಟಿಗೆಯ ಒಂದು ಮೂಲೆಗೆ ಇಡಿ. ಹಿಟ್ಟಿನ ಪಾತ್ರೆ ಅದರ ಪಕ್ಕಕ್ಕೆ, ಮೇಲೆ ಅಲ್ಲ. ಮೇಲಿಟ್ಟರೆ ತಳದ ಹಿಟ್ಟು ಹುಳಿಯಾಗಿ ಮೇಲಿನದು ಹಾಗೇ ಉಳಿಯುತ್ತದೆ. ಪಾತ್ರೆ ಅರ್ಧ ಮಾತ್ರ ತುಂಬಿರಲಿ. ಬೆಳಗ್ಗೆ ಎದ್ದ ಕೂಡಲೆ ನೀರು ಬದಲಾಯಿಸಿ. ಮಧ್ಯಾಹ್ನದ ಹೊತ್ತಿಗೆ ಮುಚ್ಚಳ ತೆಗೆದರೆ ಹಿಟ್ಟು ಕಂಠದವರೆಗೆ ಬಂದು, ಮೇಲೆಲ್ಲ ಸಣ್ಣ ಗುಳ್ಳೆ ಒಡೆಯುತ್ತಿರುತ್ತದೆ. ಉದ್ದಿನಬೇಳೆಗೆ ಚಿಂತೆ ಬೇಡ. ಕೋಬೆಯಲ್ಲಿ ಭಾರತದವರು ಹಿಂದಿನಿಂದಲೂ ಇದ್ದಾರೆ, ಟೋಕಿಯೋದ ನಿಶಿ-ಕಸಾಯ್‌ನಲ್ಲೂ ನಮ್ಮವರು ಬೇಕಾದಷ್ಟಿದ್ದಾರೆ. ಅಂಗಡಿಗಳಿವೆ, ಪಾರ್ಸೆಲ್ ಕೂಡ ಕಳಿಸುತ್ತಾರೆ.

ಮನೆ ಹೊಕ್ಕ ವಾರದಲ್ಲೇ ಎದುರಿನ ಮೂರು ಮನೆಗೂ ಅಕ್ಕಪಕ್ಕದ ಎರಡು ಮನೆಗೂ ಹೋಗಿ ಬನ್ನಿ. ಇಬ್ಬರೂ ಹೋಗಬೇಕು. ಕೈಯಲ್ಲಿ ಒಂದು ಟವೆಲೋ ಸೋಪೋ ಇರಲಿ, ಅದು ಅಲ್ಲಿನ ಪದ್ಧತಿ. ಸಂಜೆ ಹೊತ್ತು ಮಕ್ಕಳು ಬರುತ್ತಾರೆ, ಸೈಕಲ್ಲು ನಿಲ್ಲಿಸುತ್ತಾರೆ ಅಂತ ಆಗಲೇ ಹೇಳಿಬಿಡಿ. ಯಾರ ಗೇಟಿನ ಮುಂದೆಯೂ ಸೈಕಲ್ಲು ನಿಲ್ಲದ ಹಾಗೆ ನೀವೇ ನಿಂತು ನೋಡಿಕೊಳ್ಳಿ. ಬೀದಿಯ ಸುತ್ತೋಲೆ ಹಲಗೆಗೆ ಸಿಕ್ಕಿಸಿಕೊಂಡು ಮನೆಮನೆ ತಿರುಗುತ್ತಾ ಬರುತ್ತದೆ. ಓದಲು ಬಾರದಿದ್ದರೂ ಸಹಿ ಹಾಕಿ ಅದೇ ದಿನ ಪಕ್ಕದ ಮನೆಗೆ ದಾಟಿಸಿ. ಕಸದ ವಿಷಯದಲ್ಲಂತೂ ಸ್ವಲ್ಪವೂ ಸಡಿಲ ಬಿಡಬೇಡಿ. ಸುಡುವ ಕಸ, ಪ್ಲಾಸ್ಟಿಕ್ಕು, ಡಬ್ಬಿ, ಬಾಟಲಿ, ಹಳೇ ಕಾಗದ, ಒಂದೊಂದಕ್ಕೂ ಒಂದೊಂದು ದಿನ. ಆ ದಿನ ಬೆಳಗ್ಗೆಯೇ ಹೊರಗಿಟ್ಟು, ಕಾಗೆ ಕೆದಕದಂತೆ ಬಲೆ ಮುಚ್ಚಬೇಕು. ಕ್ಲಾಸು ಅಂದರೆ ಕಾಗದ ರಾಶಿ ಬೀಳುತ್ತದೆ, ದಾರ ಕಟ್ಟಿ ಆ ದಿನಕ್ಕೆ ಕಾದಿಡಿ. ವಿದೇಶದವರ ಮನೆಯ ಕಸವನ್ನು ಬೀದಿಯೇ ಗಮನಿಸುತ್ತದೆ, ಅಲ್ವಾ?

ಬಾಗಿಲಲ್ಲಿ ಚಪ್ಪಲಿ ಬಿಡುವ ತಗ್ಗಿನ ಜಾಗ ಇರುತ್ತದೆ. ಹತ್ತು ಮಕ್ಕಳ ಬೂಟು ಅಲ್ಲಿ ಹಿಡಿಯುವುದು ಕಷ್ಟ, ಗೋಡೆಗೆ ಒಂದು ಸಣ್ಣ ಶೆಲ್ಫು ಹಾಕಿಸಿ. ಮಳೆ ದಿನ ಬಕೆಟ್ಟಿನಲ್ಲಿ ಕೊಡೆ, ಪಕ್ಕದಲ್ಲಿ ಒಂದಷ್ಟು ಟವೆಲ್. ಮಕ್ಕಳಿಗೆ ತಿನ್ನಲು ಕೊಡುವ ಮುಂಚೆ ತಾಯಂದಿರನ್ನು ಕೇಳಿ. ಮೊಟ್ಟೆ, ಹಾಲು, ಕಡಲೆಕಾಯಿ ಆಗದ ಮಕ್ಕಳಿರುತ್ತಾರೆ.

ಮಂಗಳೂರಿನವರಿಗೆ ಮಳೆ ಹೊಸದಲ್ಲ. ಆದರೂ ಜೂನ್, ಜುಲೈನ ಅಲ್ಲಿನ ಮಳೆಗೆ ಮನೆ ಬೂಷ್ಟು ಹಿಡಿಯುವುದೇ ಬೇರೆ ರೀತಿ. ತತಾಮಿಯ ಮೇಲೆ ಹಾಸಿದ ಹಾಸಿಗೆಯನ್ನು ಬೆಳಗ್ಗೆ ಎತ್ತಲೇಬೇಕು. ಎರಡು ದಿನ ಬಿಟ್ಟರೆ ಅಡಿಯಲ್ಲಿ ಹಸಿರು ಕಾಣುತ್ತದೆ. ಗೋಡೆ ಕಪಾಟಿನಲ್ಲಿ ಮೊದಲು ಮರದ ಪಟ್ಟಿಯ ಜಾಲರಿ ಹಾಕಿ, ಅದರ ಮೇಲೆ ಹಾಸಿಗೆ ಮಡಿಸಿಡಿ, ಬಾಗಿಲು ನಾಲ್ಕು ಬೆರಳು ತೆರೆದೇ ಇರಲಿ. ಚಳಿಗಾಲದಲ್ಲಿ ಸೀಮೆಎಣ್ಣೆ ಸ್ಟೌ ಹಚ್ಚಿದರೆ ಪ್ರತಿ ಕ್ಲಾಸಿನ ಮಧ್ಯೆ ಕಿಟಕಿ ತೆರೆದು ಗಾಳಿ ಬಿಡಿ. ಮುಚ್ಚಿದ ಕೋಣೆಯಲ್ಲಿ ಅದರ ವಿಷಗಾಳಿ ಕಣ್ಣಿಗೂ ಕಾಣದೆ, ಮೂಗಿಗೂ ತಿಳಿಯದೆ ಜೀವ ತೆಗೆಯಬಲ್ಲದು. ಉರಿಯುತ್ತಿರುವಾಗ ಎಣ್ಣೆ ತುಂಬಬೇಡಿ. ಮಕ್ಕಳು ಬರುವ ಮನೆ, ಸುತ್ತ ಜಾಲರಿ ಇರಲಿ.

ಭೂಕಂಪಕ್ಕೆ: 1981ರ ಜೂನ್‌ನಲ್ಲಿ ಬಂದ, ಭೂಕಂಪ ತಾಳುವಂತೆ ಕಟ್ಟುವ ಹೊಸ ನಿಯಮದಂತೆ ಕಟ್ಟಿದ ಮನೆಯನ್ನೇ ಕೇಳಿ. 1995ರ ಜನವರಿ 17ರ ಕೋಬೆ ಭೂಕಂಪದಲ್ಲಿ ಹೆಚ್ಚು ಕುಸಿದದ್ದು ಅದಕ್ಕೆ ಹಿಂದಿನ ಮನೆಗಳು. ಪುಸ್ತಕದ ಕಪಾಟುಗಳನ್ನು ಗೋಡೆಗೆ ಬಿಗಿಯಿರಿ. ಒಬ್ಬರಿಗೆ ದಿನಕ್ಕೆ ಮೂರು ಲೀಟರಿನಂತೆ ಮೂರು ದಿನದ ನೀರು ಇಡಿ, ಕ್ಲಾಸಿನ ಮಕ್ಕಳನ್ನೂ ಲೆಕ್ಕಕ್ಕೆ ಸೇರಿಸಿ.

ಇನ್ನು ಹೆಣ್ಣುಮಕ್ಕಳಿಗೆ ಒಂದು ಮಾತು. 1859ರಲ್ಲಿ ಅಮೆರಿಕದಿಂದ ಹೆಪ್ಬರ್ನ್ ಎಂಬ ವೈದ್ಯ ಮಿಷನರಿ ಹೆಂಡತಿ ಕ್ಲಾರಾ ಜೊತೆ ಜಪಾನಿಗೆ ಬಂದರು. ಗಂಡ ರೋಗಿಗಳನ್ನು ನೋಡುತ್ತಾ ಜಪಾನಿ-ಇಂಗ್ಲಿಷ್ ನಿಘಂಟು ಕಟ್ಟಿದರು, ಅದು 1867ರಲ್ಲಿ ಬಂತು. 1863ರಲ್ಲಿ ಯೊಕೊಹಾಮಾದಲ್ಲಿ ಇಂಗ್ಲಿಷ್ ಪಾಠ ಶುರು ಮಾಡಿದವರು ಕ್ಲಾರಾ. ಇಂದಿನ ಮೇಜಿ ಗಾಕುಯಿನ್, ಫೆರಿಸ್ ಎಂಬ ಎರಡು ವಿದ್ಯಾಸಂಸ್ಥೆಗಳ ಬೇರೂ ಆ ಪಾಠದಲ್ಲಿದೆ. ಹೆಸರು ಉಳಿದದ್ದು ಮಾತ್ರ ಗಂಡನದು. ಮಿಷನರಿ ಮನೆಗಳಲ್ಲಿ ಈಗಲೂ ಹಾಗೇ ಆಗುತ್ತದೆ: ಗಂಡ ಎರಡು ವರ್ಷ ಕೂತು ಜಪಾನಿ ಕಲಿಯುತ್ತಾನೆ, ಹೆಂಡತಿ ಪಾಠವನ್ನೂ ಪಾತ್ರೆಯನ್ನೂ ನೋಡಿಕೊಳ್ಳುತ್ತಾಳೆ. ಆಮೇಲೆ ಡಾಕ್ಟರ ಹತ್ತಿರ, ಶಾಲೆಯ ಟೀಚರ ಹತ್ತಿರ ಅವಳಿಗೆ ಮಾತೇ ಹೊರಡದು. ಇದನ್ನು ಒಪ್ಪಿಕೊಳ್ಳಬೇಡಿ. ನಗರಸಭೆಯ ಆಸರೆಯಲ್ಲಿ ಸ್ವಯಂಸೇವಕರು ನಡೆಸುವ ಜಪಾನಿ ಕ್ಲಾಸುಗಳು ಕಡಿಮೆ ಖರ್ಚಿನಲ್ಲಿ ಸಿಗುತ್ತವೆ. ವಾರಕ್ಕೆ ಎರಡು ಬೆಳಗ್ಗೆ ನೀವು ಅಲ್ಲಿಗೆ ಹೋಗಿ, ಆ ದಿನ ಅಡುಗೆ ಗಂಡ ಮಾಡಲಿ.

ಭಾಷೆಯ ಗಂಟೆಯನ್ನೂ ಪ್ರಾರ್ಥನೆಯ ಗಂಟೆಯನ್ನೂ ಬೆರೆಸಬೇಡಿ. ಇದರಲ್ಲಿ ನನ್ನ ನಿಲುವು ಗಟ್ಟಿ. ಅಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಷ್ಟು. ಅದರ ಮೇಲೆ 1995ರಲ್ಲಿ ಟೋಕಿಯೋ ಮೆಟ್ರೋದಲ್ಲಿ ಒಂದು ಪಂಥದವರು ವಿಷಾನಿಲ ಬಿಟ್ಟಾಗಿನಿಂದ ಧರ್ಮದ ಹೆಸರು ಹೇಳಿಕೊಂಡು ಬರುವವರನ್ನು ಕಂಡರೆ ಜನಕ್ಕೆ ಅಳುಕು. ನೀವು ಯಾರು, ಯಾಕೆ ಬಂದಿದ್ದೀರಿ ಅಂತ ಸೇರಿಸಿಕೊಳ್ಳುವ ದಿನವೇ ತಂದೆತಾಯಿಗೆ ಹೇಳಿ. ಶುಲ್ಕ ಕೊಟ್ಟ ಗಂಟೆಯಲ್ಲಿ ಇಂಗ್ಲಿಷ್ ಮಾತ್ರ. ಸತ್ಯವೇದ ಓದುವ ಕೂಟ ಬೇರೆ ದಿನ, ಶುಲ್ಕವಿಲ್ಲದೆ, ಇಷ್ಟವಿದ್ದವರಿಗೆ. ಡಿಸೆಂಬರ್ 25 ಅಲ್ಲಿ ರಜೆಯಲ್ಲ, ಆದರೆ ಕ್ರಿಸ್ಮಸ್ ಅಂದರೆ ಮಕ್ಕಳಿಗೆ ಪ್ರಾಣ. ಆಗ ನಮ್ಮ ಕ್ರಿಸ್ಮಸ್ ತಿಂಡಿ ಕುಸ್ವಾರ್ ಮಾಡಿ ಪೊಟ್ಟಣ ಕಟ್ಟಿ ಎಲ್ಲರ ಮನೆಗೂ ಕೊಡಿ. ಕೇಳಿದವರಿಗೆ ಹಬ್ಬದ ಕಥೆ ಹೇಳಿ, ಹೇಳಲು ಇದಕ್ಕಿಂತ ಒಳ್ಳೇ ಹೊತ್ತಿಲ್ಲ.

ದುಡ್ಡಿಗೆ ಎರಡು ಡಬ್ಬಿ, ಮನೆಯದು ಬೇರೆ, ಕ್ಲಾಸಿನದು ಬೇರೆ. ತಿಂಗಳ ಶುಲ್ಕವನ್ನು ತಿಂಗಳಿಗೊಂದರಂತೆ ಹನ್ನೆರಡು ಚೌಕ ಅಚ್ಚಾದ ಲಕೋಟೆಯಲ್ಲಿ ತರುತ್ತಾರೆ, ಆ ತಿಂಗಳ ಚೌಕದಲ್ಲಿ ಮುದ್ರೆ ಒತ್ತಿ ಖಾಲಿ ಲಕೋಟೆ ವಾಪಸ್ ಕೊಡಬೇಕು. ಏಪ್ರಿಲ್‌ನಲ್ಲಿ ಹೊಸ ಮಕ್ಕಳು ಸೇರುತ್ತಾರೆ, ಆಗಸ್ಟಿನಲ್ಲಿ ಓಬೋನ್ ಹಬ್ಬಕ್ಕೆ ಊರು ಖಾಲಿ, ಚಳಿ ಹತ್ತಿರವಾದಂತೆ ಪರೀಕ್ಷೆಯ ಮಕ್ಕಳು ಬಿಡುತ್ತಾರೆ. ಏಪ್ರಿಲ್‌ನ ಲೆಕ್ಕ ನಂಬಿ ಖರ್ಚು ಮಾಡಬೇಡಿ. ನಿಮ್ಮ ವೀಸಾ ಧರ್ಮಕಾರ್ಯದ್ದಾದರೆ, ಶುಲ್ಕ ತೆಗೆದುಕೊಂಡು ಪಾಠ ಹೇಳಲು ಬೇರೆ ಅನುಮತಿ ಬೇಕೇ ಅಂತ ಇಮಿಗ್ರೇಶನ್ ಕಚೇರಿಯಲ್ಲಿ ಮೊದಲೇ ಕೇಳಿ.

ಪೆಟ್ಟಿಗೆ ಕಟ್ಟುವಾಗ ಹಣ್ಣು, ಹಸಿ ಸೊಪ್ಪು, ಮಾಂಸದ ಪದಾರ್ಥ ಹಾಕಬೇಡಿ, ವಿಮಾನ ನಿಲ್ದಾಣದಲ್ಲೇ ತೆಗೆದಿಡುತ್ತಾರೆ. ಅಲ್ಲಿನ ಕರೆಂಟು 100 ವೋಲ್ಟ್, ನಮ್ಮ ಮಿಕ್ಸಿ ಹಾಗೇ ಹಾಕಿದರೆ ಸರಿಯಾಗಿ ತಿರುಗುವುದಿಲ್ಲ. ಮಿಕ್ಸಿಯ ವ್ಯಾಟಿಗಿಂತ ದೊಡ್ಡ, ವೋಲ್ಟೇಜ್ ಏರಿಸುವ ಟ್ರಾನ್ಸ್‌ಫಾರ್ಮರ್ ಬೇಕು. ಕೆಲವು ಮನೆಗಳಲ್ಲಿ ಗ್ಯಾಸ್ ಇಲ್ಲದೆ ಇಂಡಕ್ಷನ್ ಒಲೆ ಮಾತ್ರ ಇರುತ್ತದೆ, ಕುಕ್ಕರು ತಳ ನೋಡಿ ತೆಗೆದುಕೊಳ್ಳಿ. ಗ್ಯಾಸ್ ಇದ್ದರೆ ಪೈಪಿನದೋ ಸಿಲಿಂಡರಿನದೋ ಕೇಳಿದ ಮೇಲೆ ಒಲೆ ಕೊಳ್ಳಿ, ಒಂದರದು ಇನ್ನೊಂದಕ್ಕೆ ಆಗುವುದಿಲ್ಲ.