ಟಿಬಿಲಿಸಿಗೆ ಮೆಡಿಕಲ್ ಓದಲು ಬಂದವರೇ, ಭಾನುವಾರ ರೂಮಿನಲ್ಲಿ ಕೂರಬೇಡಿ

ಜಾರ್ಜಿಯಾ ದೇಶದ ಈ ರಾಜಧಾನಿಯಲ್ಲಿ ಪಾಠ ಇಂಗ್ಲಿಷಿನಲ್ಲಿ, ಮೆಸ್ಸಿನಲ್ಲಿ ಹಿಂದಿ, ರೂಮಿಗೆ ಬಂದರೆ ಕನ್ನಡ. ಜಾರ್ಜಿಯನ್ ಭಾಷೆಯ ಗಾಳಿ ಸೋಕದೆ ಮೂರು ವರ್ಷ ಆರಾಮಾಗಿ ಕಳೆಯಬಹುದು. ನಾನೂ ಕಳೆದೆ. ಆಸ್ಪತ್ರೆಯ ಪೋಸ್ಟಿಂಗ್ ಶುರುವಾದ ವಾರ ಒಬ್ಬ ಅಜ್ಜಿಯ ಹಾಸಿಗೆ ಪಕ್ಕ ಪೆನ್ನು ಹಿಡಿದು ನಿಂತಾಗ ಅದರ ಬೆಲೆ ತಿಳಿಯಿತು. ಅವರು ಹೊಟ್ಟೆ ಹಿಡಿದುಕೊಂಡು ಒಂದೇ ಸಮನೆ ಮಾತಾಡುತ್ತಿದ್ದರು. ನನಗೆ ತಿಳಿದದ್ದು ‘ಕಿ’ ಮತ್ತು ‘ಅರಾ’, ಅಂದರೆ ಹೌದು ಮತ್ತು ಇಲ್ಲ, ಎರಡೇ.

ಆಮೇಲೆ ಭಾಷೆ ಕಲಿತೆ, ಅದೂ ಬಹುಪಾಲು ರಜೆಯ ತಿರುಗಾಟದಲ್ಲಿ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ಅಕ್ಷರ ಕಲಿಯಿರಿ. ಇರುವುದು 33. ಕಾಗುಣಿತ ಇಲ್ಲ, ಒತ್ತಕ್ಷರ ಇಲ್ಲ. ದುಂಡುದುಂಡಗಿದ್ದು ದೂರದಿಂದ ನೋಡಿದರೆ ನಮ್ಮದೇ ಲಿಪಿ ಅನ್ನಿಸುತ್ತದೆ. ಮೆಟ್ರೋ ಎಸ್ಕಲೇಟರ್‌ಗಳು ಇಲ್ಲಿ ಪಾತಾಳಕ್ಕೆ ಇಳಿದ ಹಾಗೆ ಉದ್ದ. ಆ ಹೊತ್ತಿನಲ್ಲಿ ಫೋನು ಒಳಗಿಟ್ಟು ಜಾಹೀರಾತುಗಳನ್ನು ಅಕ್ಷರ ಕೂಡಿಸಿ ಓದಿ.

ರೈಲು ನಿಲ್ದಾಣದ ಹತ್ತಿರದ ಡೆಸರ್ಟರ್ ಬಜಾರ್‌ಗೆ ವಾರಕ್ಕೊಮ್ಮೆಯಾದರೂ ಹೋಗಿ. ಕೊತ್ತಂಬರಿ ಸೊಪ್ಪು ಬೇಕಾದಷ್ಟು ಸಿಗುತ್ತದೆ, ‘ಕಿಂಡ್ಜಿ’ ಅಂತ ಕೇಳಿ. ‘ಉತ್ಸ್ಖೋ ಸುನೆಲಿ’ ಎಂಬ ಪುಡಿಯನ್ನು ಮೂಸಿ ನೋಡಿ, ಅದು ನಮ್ಮ ಮೆಂತ್ಯದ ದಾಯಾದಿ. ಹೆಸರಿನ ಅರ್ಥ ಮಾತ್ರ ‘ಪರದೇಶದ ಪರಿಮಳ’! ಅಲ್ಲಿ ಸೊಪ್ಪು ಮಾರುವ ಅಜ್ಜಿಯೊಬ್ಬರು ನನ್ನನ್ನು ‘ಬೆಬೋ’ ಎಂದು ಕರೆದರು. ಬೆಬೋ ಎಂದರೆ ಅಜ್ಜಿ ಅಂತ ಓದಿದ್ದ ನಾನು ಹಿಂದೆ ಯಾರಾದರೂ ನಿಂತಿದ್ದಾರಾ ಎಂದು ತಿರುಗಿ ನೋಡಿದೆ. ಇಲ್ಲಿ ಅಜ್ಜಿ ಮೊಮ್ಮಗುವನ್ನೂ ಬೆಬೋ ಅನ್ನುತ್ತಾರೆ, ತಾಯಿ ಮಗುವನ್ನು ‘ದೆದಾ’ ಅಂದರೆ ಅಮ್ಮ ಅನ್ನುತ್ತಾಳೆ. ನಾವು ಮಗನಿಗೆ ‘ಬಾರಪ್ಪಾ’ ಅನ್ನುವುದಿಲ್ಲವೇ, ಹಾಗೆ. ಇನ್ನು ‘ಮಾಮಾ’ ಎಂದರೆ ಇಲ್ಲಿ ಅಪ್ಪ. ಕೇಸ್ ಹಿಸ್ಟರಿಯಲ್ಲಿ ಮಾವನಿಗೆ ಸಕ್ಕರೆ ಕಾಯಿಲೆ ಎಂದು ಬರೆದುಬಿಟ್ಟೀರಿ, ಜೋಕೆ. ವಾರ್ಡಿನಲ್ಲಿ ‘ರಾ ಗ್ಟ್ಕಿವಾತ್, ಬೆಬೋ?’, ಅಂದರೆ ಏನು ನೋಯುತ್ತಿದೆ ಅಜ್ಜಿ, ಎಂದು ಕೇಳಿ ನೋಡಿ. ಎಲ್ಲಿ ನೋವು ಎಂಬುದಷ್ಟೇ ಅಲ್ಲ, ಮೊಮ್ಮಗಳ ಮದುವೆ ವಿಷಯವೂ ಹೊರಬರುತ್ತದೆ.

ಊಟದ ವಿಷಯ. ಸಸ್ಯಾಹಾರಿಗಳು ಹೆದರಬೇಕಿಲ್ಲ. ಹುರುಳಿಕಾಯಿ ಜಾತಿಯ ಕಾಳು ತುಂಬಿದ ಲೋಬಿಯಾನಿ ರೊಟ್ಟಿ, ಅಕ್ರೋಟು ಅರೆದು ಸುತ್ತಿದ ಬದನೆಕಾಯಿ ಎಲ್ಲ ಕಡೆ ಸಿಗುತ್ತವೆ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ‘ಸಮಾರ್ಖ್ವೋ’ ಎಂದು ಕೇಳಿದರೆ ಮಾಂಸ, ಹಾಲು, ಮೊಟ್ಟೆ ಇಲ್ಲದ್ದನ್ನೇ ಕೊಡುತ್ತಾರೆ. ಖಿಂಕಾಲಿ ಎಂಬ, ಸಾಮಾನ್ಯವಾಗಿ ಮಾಂಸ ತುಂಬಿದ ಕಡುಬನ್ನು ಫೋರ್ಕಿನಿಂದ ಚುಚ್ಚಬೇಡಿ, ಒಳಗಿನ ರಸವೆಲ್ಲ ತಟ್ಟೆಗೆ. ಜುಟ್ಟು ಹಿಡಿದು ಕಚ್ಚಿ, ರಸ ಹೀರಿ, ಜುಟ್ಟನ್ನು ತಟ್ಟೆಯಲ್ಲೇ ಬಿಡಿ.

ಯಾರಾದರೂ ಮನೆಗೆ ‘ಸುಪ್ರಾ’ಗೆ, ಅಂದರೆ ಔತಣಕ್ಕೆ, ಕರೆದರೆ ಬಿಡಬೇಡಿ. ತಮಾದಾ ಎಂಬ ಹಿರಿಯ ಒಂದೊಂದೇ ಮಾತು ಎತ್ತಿ, ಅಗಲಿದವರಿಗೆ, ಮಕ್ಕಳಿಗೆ, ಅತಿಥಿಗೆ ಎಂದು ಲೋಟ ಎತ್ತಿಸುತ್ತಾನೆ. ಮಧ್ಯೆ ನಾಲ್ಕು ಗಂಡಸರು ಮೂರು ಸ್ವರದಲ್ಲಿ ಹಾಡಲು ಶುರು ಮಾಡಿದರೆ ಊಟ ನಿಲ್ಲಿಸಿ ಕೇಳಿ. ಕುಡಿಯದವರು ಮೊದಲೇ ಹೇಳಿಬಿಡಿ. ಆ್ಯಂಟಿಬಯೋಟಿಕ್ ನಡೆಯುತ್ತಿದೆ ಎಂಬ ಸುಳ್ಳು ಭಾವೀ ಡಾಕ್ಟರಿಗೆ ಶೋಭಿಸುವುದಿಲ್ಲ, ಆದರೆ ಕೆಲಸ ಮಾಡುತ್ತದೆ. ‘ಚಾಚಾ’ ಬಂದರೆ ಅದು ಚಿಕ್ಕಪ್ಪನಲ್ಲ, ದ್ರಾಕ್ಷಿಯ ಖಡಕ್ ಸಾರಾಯಿ.

ಪರೀಕ್ಷೆ ಮುಗಿದ ದಿನ ಅಬನೋತುಬಾನಿಯ ಗಂಧಕದ ಬಿಸಿನೀರಿನ ಸ್ನಾನದ ಮನೆಗಳಿಗೆ ಹೋಗಿ. ಊರಿನ ಹೆಸರೇ ಬೆಚ್ಚಗಿನದು ಎಂಬ ‘ತ್ಬಿಲಿ’ಯಿಂದ ಬಂದದ್ದು. ಒರಟು ಕೈಗವಸಿನಲ್ಲಿ ಮೈ ಉಜ್ಜುವವರು ಉಜ್ಜಿದರೆ ಹಬ್ಬದ ಎಣ್ಣೆಸ್ನಾನದ ನೆನಪಾಗುತ್ತದೆ. ರಾತ್ರಿಯೆಲ್ಲ ನಿದ್ದೆಗೆಟ್ಟು, ಖಾಲಿ ಹೊಟ್ಟೆಯಲ್ಲಿ ಇಳಿಯಬೇಡಿ. ಬಿಪಿ ಇಳಿದರೆ ಏನಾಗುತ್ತದೆ ಎಂದು ನಿಮಗೆ ಹೇಳಬೇಕಿಲ್ಲ. ಬೆಳ್ಳಿ ಉಂಗುರ, ಉಡಿದಾರ ಬಿಚ್ಚಿಡಿ. ಗಂಧಕ ತಾಗಿದರೆ ಕಪ್ಪಾಗುತ್ತದೆ. ನನ್ನ ಉಂಗುರ ಹುಣಸೆಹಣ್ಣಿಗೂ ಜಗ್ಗಿಲ್ಲ.

ಒಂದು ದಿನದ ಬಿಡುವಿಗೆ ದಿದುಬೆ ಬಸ್ ನಿಲ್ದಾಣದಿಂದ ಮಾರ್ಶ್ರುತ್ಕಾ ಎಂಬ ಮಿನಿಬಸ್ಸು ಹತ್ತಿ ಹಳೆಯ ರಾಜಧಾನಿ ಮ್ತ್ಸ್ಖೇತಾಕ್ಕೆ ಹೋಗಿ, ಇಪ್ಪತ್ತೇ ಕಿಲೋಮೀಟರು. ಚರ್ಚಿನೊಳಗೆ ಹೆಣ್ಣುಮಕ್ಕಳು ತಲೆ ಮೇಲೆ ದುಪಟ್ಟಾ ಹಾಕಿಕೊಳ್ಳಿ, ಗಂಡಸರು ಶಾರ್ಟ್ಸ್‌ನಲ್ಲಿ ಹೋಗಬೇಡಿ. 2170 ಮೀಟರ್ ಎತ್ತರದ ಗೆರ್ಗೆತಿ ಚರ್ಚು ನೋಡಲು ಬೆಟ್ಟದೂರು ಸ್ತೆಪಾಂತ್ಸ್ಮಿಂದಾಕ್ಕೆ ಹೋಗುವವರು ಚಳಿಗಾಲದಲ್ಲಿ ಸೋಮವಾರ ಪರೀಕ್ಷೆ ಇಟ್ಟುಕೊಂಡು ಹೊರಡಬೇಡಿ. ಹಿಮ ಬಿದ್ದು ಘಾಟಿ ಮುಚ್ಚುವುದುಂಟು.

ಊರಾಚೆ ದಾರಿ ಮಧ್ಯೆ ಇಳಿಯಬೇಕಾದರೆ ‘ಗಮಿಚೆರೆತ್’, ನಿಲ್ಲಿಸಿ ಅಂತ, ಗಟ್ಟಿಯಾಗಿ ಹೇಳಬೇಕು. ಡ್ರೈವರ್ ತಾನೇ ನಿಲ್ಲಿಸುತ್ತಾನೆಂದು ನಾನು ಬಾಯಿ ಮುಚ್ಚಿ ಕೂತಿದ್ದೆ. ಎರಡು ಕಿಲೋಮೀಟರ್ ವಾಪಸ್ ನಡೆದೆ, ಮಳೆಯಲ್ಲಿ.