ಮಾಸ್ಕೋಗೆ ಬರುವ ನಮ್ಮೂರಿನವರಿಗೆ: ರಷ್ಯನ್ ಕಲಿಯುವ ದಾರಿ

ರಜೆಗೆಂದು ಕುಂಬಳೆಗೆ ಬಂದಾಗಲೆಲ್ಲ ನಮ್ಮ ಜಗಲಿಯಲ್ಲಿ ಒಬ್ಬಿಬ್ಬರು ಕಾಯುತ್ತಿರುತ್ತಾರೆ. ಮಗನಿಗೆ ಮಾಸ್ಕೋದಲ್ಲಿ ಕೆಲಸ ಸಿಕ್ಕಿದೆ, ಭಾಷೆಯ ಗತಿಯೇನು ಎಂದು ತಂದೆ ಕೇಳುತ್ತಾರೆ. ಮಗ ಮಾತ್ರ ನಿಶ್ಚಿಂತ. "ಕನ್ನಡ, ತುಳು, ಮಲಯಾಳ, ಬ್ಯಾರಿ, ಹಿಂದಿ ಎಲ್ಲ ಬರುತ್ತದೆ. ಇದೊಂದು ಬಾರದಿರುತ್ತದೆಯೇ ಅಣ್ಣ?" ಕಾಸರಗೋಡು ಸಪ್ತಭಾಷಾ ಸಂಗಮಭೂಮಿ ಎಂದು ವೇದಿಕೆಗಳಲ್ಲಿ ಕೇಳಿ ಕೇಳಿ ನಮಗೆ ಬಂದಿರುವ ಧೈರ್ಯ ಇದು. 12 ವರ್ಷಗಳ ಹಿಂದೆ ಮಾಸ್ಕೋಗೆ ಹೊರಟಾಗ ನನಗೂ ಇತ್ತು. ಆದರೆ ಆ ಭಾಷೆಗಳನ್ನೆಲ್ಲ ನಾವು ಕುಳಿತು ಕಲಿತದ್ದಲ್ಲ. ಅಂಗಡಿಯಲ್ಲಿ, ಬಸ್ಸಿನಲ್ಲಿ, ಆಟದ ಬಯಲಿನಲ್ಲಿ ಮೈಗೆ ಅಂಟಿಕೊಂಡದ್ದು. ಮೂವತ್ತು ದಾಟಿದ ಮೇಲೆ, ದಿನವಿಡೀ ದುಡಿದು ದಣಿದ ತಲೆಗೆ ರಷ್ಯನ್ ಹಾಗೆ ಅಂಟುವುದಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಮುಗಿಸಿ, ಆಮೇಲೆ ಯಾವುದೋ ಕಚೇರಿಯ ಮಲಯಾಳ ಅರ್ಜಿಯ ಮುಂದೆ ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದ ನೆನಪಿದೆಯೇ? ರಷ್ಯನ್ ಕಲಿಕೆ ಆ ಜಾತಿಯದು.

ನಾನು ಶುರು ಮಾಡಿದ್ದು ರೈಲಿನಲ್ಲಿ. ಆಗ ಮಂಗಳೂರಿನ ಕಚೇರಿಯೊಂದರಲ್ಲಿ ಲೆಕ್ಕಪತ್ರ ನೋಡುತ್ತಿದ್ದೆ. ಉಪ್ಪಳ, ಮಂಜೇಶ್ವರ, ಉಳ್ಳಾಲ ದಾಟುವಷ್ಟರಲ್ಲಿ ಒಂದು ಪುಟ ಬರೆಯುವುದೆಂದು ನಿಯಮ ಹಾಕಿಕೊಂಡಿದ್ದೆ. ಒಂದು ದಿನ ಪಕ್ಕದಲ್ಲಿದ್ದ ಮೀನು ವ್ಯಾಪಾರದ ಕಾಕ ನನ್ನ ಪುಸ್ತಕಕ್ಕೆ ಇಣುಕಿ, "ಇದೇನು, ಕನ್ನಡಿಯಲ್ಲಿ ನೋಡಿ ಬರೆದ ಇಂಗ್ಲಿಷೋ?" ಎಂದು ಕೇಳಿದರು. ಅವರ ಕಣ್ಣು ತಪ್ಪಲಿಲ್ಲ. ತಿರುಗಿಸಿಟ್ಟ ಇಂಗ್ಲಿಷ್ ಆರ್ ರಷ್ಯನ್‌ನಲ್ಲಿ 'ಯಾ', ತಿರುಗಿಸಿಟ್ಟ ಎನ್ 'ಇ'. ಒಟ್ಟು ಅಕ್ಷರಗಳು 33. ಕಾಗುಣಿತ, ಒತ್ತಕ್ಷರಗಳನ್ನು ಉಂಡು ಬೆಳೆದವರಿಗೆ ಒಂದು ವಾರದ ಕೆಲಸ. ತೊಡಕಿರುವುದು ಪರಿಚಿತರಂತೆ ಕಾಣುವ ಅಕ್ಷರಗಳಲ್ಲಿ. ಬಿ ಆಕಾರದ್ದು 'ವ', ಎಚ್ ಆಕಾರದ್ದು 'ನ', ಪಿ ಆಕಾರದ್ದು 'ರ', ಸಿ ಆಕಾರದ್ದು 'ಸ'. ರೆಸ್ತರಾನ್ ಎಂಬ ಫಲಕವನ್ನು ನಾನೂ 'ಪೆಕ್ಟೋಪಾ' ಎಂದೇ ಓದಿದ್ದೆ. ಅಚ್ಚಿನ ಜೊತೆಗೆ ಕೈಬರಹವನ್ನೂ ಮೊದಲ ದಿನದಿಂದ ತಿದ್ದಿ. ಕೈಬರಹದಲ್ಲಿ 'ತ' ಸಣ್ಣ ಎಂ ಆಗುತ್ತದೆ, 'ಇ' ಸಣ್ಣ ಯು ಆಗುತ್ತದೆ. ನಾನು ಸೇರಿದ ಔಷಧ ಗೋದಾಮಿನ ಚೀಟಿಗಳೆಲ್ಲ ಕೈಬರಹದವು. ಮೊದಲ ತಿಂಗಳು ಯಾವುದೂ ತಲೆಗೆ ಹೋಗಲಿಲ್ಲ.

ಇನ್ನು ಮುಖ್ಯ ಮಾತು. ಇಂಗ್ಲಿಷಿನ ಮೂಲಕ ಹೋಗಬೇಡಿ. ಪುಸ್ತಕ, ಮೊಬೈಲ್ ಪಾಠಗಳು ಇಂಗ್ಲಿಷಿನಲ್ಲೇ ಇರುತ್ತವೆ, ನಿಜ. ಆದರೆ ನಿಮ್ಮ ಟಿಪ್ಪಣಿ ಕನ್ನಡದಲ್ಲಿರಲಿ. ಅಮೆರಿಕ ತನ್ನ ರಾಜತಾಂತ್ರಿಕರಿಗೆ ರಷ್ಯನ್ ಕಲಿಸಲು ಸುಮಾರು 1100 ಗಂಟೆಗಳ ತರಗತಿ ಬೇಕೆಂದು ಲೆಕ್ಕ ಹಾಕಿದೆ. ದಿನಕ್ಕೆ ಅರ್ಧ ಗಂಟೆಯಾದರೆ ಆರು ವರ್ಷ! ಆದರೆ ಅದು ಇಂಗ್ಲಿಷಿನವರ ಲೆಕ್ಕ. 'ನನಗೆ ಮೂವತ್ತು ವರ್ಷ' ಎನ್ನಲು ರಷ್ಯನ್ನರು 'ಮ್ನ್ಯೆ ತ್ರೀತ್ಸತ್ ಲ್ಯೆತ್' ಎನ್ನುತ್ತಾರೆ. ನನಗೆ, ಮೂವತ್ತು, ವರ್ಷ. ಪದಕ್ಕೆ ಪದ ನಮ್ಮದೇ. 'ನನಗೆ ಚಳಿ' ಎನ್ನುವುದೂ ಹಾಗೆಯೇ. 'ಯಾ ಇಂಝೆನ್ಯೇರ್' ಎಂದರೆ 'ನಾನು ಎಂಜಿನಿಯರ್'. ನಡುವೆ ಕ್ರಿಯಾಪದದ ಹಂಗಿಲ್ಲ. ಪೆನ್ನು 'ರೂಚ್ಕ', ಪೆನ್ನಿನಿಂದ 'ರೂಚ್ಕಯ್': ವಿಭಕ್ತಿ ಪ್ರತ್ಯಯ ಪದದ ಬಾಲಕ್ಕೆ ಅಂಟುತ್ತದೆ. ವಿಭಕ್ತಿಗಳು ಆರೇ ಆರು. ನಮ್ಮ ಕನ್ನಡ ಮೇಷ್ಟ್ರು ಬಾಯಿಪಾಠ ಮಾಡಿಸಿದ್ದು ಅದಕ್ಕಿಂತ ಹೆಚ್ಚು. 'ನೀನು' ಮತ್ತು 'ನೀವು' ಬೇರೆ ಬೇರೆ. ಕಚೇರಿಯಲ್ಲಿ ಹಿರಿಯರನ್ನು 'ನೀವು' ಎನ್ನುವುದರ ಜೊತೆಗೆ ಹೆಸರು ಮತ್ತು ತಂದೆಯ ಹೆಸರು ಸೇರಿಸಿ ಕರೆಯಬೇಕು. 'ಸರ್' ಅಲ್ಲಿ ನಡೆಯುವುದಿಲ್ಲ.

ತುಳು, ಮಲಯಾಳ ಬಲ್ಲವರಿಗೆ ಇನ್ನೊಂದು ಲಾಭವಿದೆ. 'ತಿ'ಯೂ ಅಲ್ಲದ 'ತು'ವೂ ಅಲ್ಲದ ಒಂದು ಸ್ವರ ರಷ್ಯನ್‌ನಲ್ಲಿದೆ. 'ನೀನು' ಎನ್ನುವ ರಷ್ಯನ್ ಪದದಲ್ಲೇ ಬರುತ್ತದೆ. ತುಳು ಪದಗಳ ಕೊನೆಯಲ್ಲಿ ಬರುವ ಅರ್ಧ ಉಕಾರಕ್ಕೆ ಅದು ಹತ್ತಿರದ ನಂಟು. ಬೆಂಗಳೂರಿನಿಂದ ಬಂದ ಗೆಳೆಯರು ಅದಕ್ಕಾಗಿ ತಿಂಗಳುಗಟ್ಟಲೆ ಬಾಯಿ ಸೊಟ್ಟ ಮಾಡಿದ್ದನ್ನು ನೋಡಿದ್ದೇನೆ.

ಕನ್ನಡ ಕೈ ಕೊಡುವ ಜಾಗಗಳೂ ಇವೆ. ಮೇಜು ಗಂಡು, ಪುಸ್ತಕ ಹೆಣ್ಣು, ಕಿಟಕಿ ನಪುಂಸಕ. ಮನೆಯಲ್ಲಿ ಕೊಂಕಣಿ ಆಡುವವರು ಇದಕ್ಕೆ ಹೆದರುವುದಿಲ್ಲ, ನಾವು ಪದದ ಕೊನೆ ನೋಡಿ ಕಲಿಯಬೇಕು. ಅದಕ್ಕಿಂತ ಕಷ್ಟ ಸ್ವರಭಾರ, ಅಂದರೆ ಪದದ ಯಾವ ಸ್ವರವನ್ನು ಒತ್ತಿ ಹೇಳಬೇಕು ಎಂಬುದು. ಬರೆದಂತೆ ಓದುವ ಜನ ನಾವು. ಅಲ್ಲಿ ಮೂರು ಒಕಾರ ಹಾಕಿ ಬರೆದ ಹಾಲು ಬಾಯಲ್ಲಿ 'ಮಲಕೋ' ಆಗುತ್ತದೆ. ಭಾರ ಬೀಳದ ಒಕಾರ ಅಕಾರವಾಗುತ್ತದೆ, ಭಾರ ಎಲ್ಲಿ ಎಂದು ಪದವನ್ನು ನೋಡಿದರೆ ಗೊತ್ತಾಗುವುದಿಲ್ಲ. 'ಮುಕಾ' ಎಂದು ಕೊನೆಗೆ ಒತ್ತಿದರೆ ಹಿಟ್ಟು, 'ಮೂಕ' ಎಂದು ಮೊದಲಿಗೆ ಒತ್ತಿದರೆ ಯಾತನೆ. ನಾನು ಅಂಗಡಿಯಲ್ಲಿ ಒಂದು ಕಿಲೋ ಯಾತನೆ ಕೇಳಿದ್ದೇನೆ. ಹೊಸ ಪದ ಬರೆದುಕೊಳ್ಳುವಾಗಲೇ ಭಾರದ ಗುರುತು ಹಾಕಿ, ಧ್ವನಿ ಕೇಳಿ.

ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಕ್ರಿಯಾಪದಗಳ ಜೋಡಿ. ಒಮ್ಮೆ ಮೇಲಧಿಕಾರಿ ದಾಸ್ತಾನಿನ ವರದಿ ಕೇಳಿದರು. ಎರಡು ರಾತ್ರಿ ಕುಳಿತು ಮುಗಿಸಿದ್ದೆ. ಹೆಮ್ಮೆಯಿಂದ 'ದೇಲಲ್' ಎಂದೆ. ಅವರ ಮುಖ ಗಂಟಿಕ್ಕಿತು, ನಾಳೆಯೊಳಗೆ ಬೇಕು ಎಂದು ಹೋಗಿಯೇ ಬಿಟ್ಟರು. ವರದಿ ನನ್ನ ಚೀಲದಲ್ಲಿತ್ತು! 'ದೇಲಲ್' ಎಂದರೆ ಮಾಡುತ್ತಿದ್ದೆ, ಕೈ ಹಾಕಿದ್ದೆ ಎಂದಷ್ಟೇ. ಮುಗಿಸಿದ್ದರೆ 'ಸ್ದೇಲಲ್' ಎನ್ನಬೇಕಿತ್ತು. ತಿಂದೆ ಬೇರೆ, ತಿಂದುಬಿಟ್ಟೆ ಬೇರೆ ಅಲ್ಲವೇ, ಅದೇ ಹಿಡಿಕೆ ಹಿಡಿದು ಪ್ರತಿ ಕ್ರಿಯಾಪದವನ್ನೂ ಜೋಡಿಯಾಗಿಯೇ ಬರೆದುಕೊಳ್ಳಿ. 'ಹೋಗು' ಎಂಬುದಕ್ಕೂ ಹೀಗೆಯೇ ಎಚ್ಚರ. ನಡೆದು ಹೋಗುವುದು ಒಂದು ಪದ, ವಾಹನದಲ್ಲಿ ಹೋಗುವುದು ಇನ್ನೊಂದು.

ಪದಗಳ ಲೆಕ್ಕಕ್ಕೆ ವಿದೇಶಿಯರಿಗಾಗಿ ಇರುವ ರಷ್ಯಾದ ಸರಕಾರಿ ಭಾಷಾ ಪರೀಕ್ಷೆಯ ಅಳತೆ ಇಟ್ಟುಕೊಳ್ಳಿ: ಕೆಳಗಿನ ಹಂತಕ್ಕೆ ಸುಮಾರು 780 ಪದ, ಅದರ ಮೇಲಿನದಕ್ಕೆ 1300. ದಿನಕ್ಕೆ ಐದು ಪದವಾದರೆ ಮೊದಲ ಹಂತಕ್ಕೆ ಐದು ತಿಂಗಳು ಸಾಕು. 2015ರಿಂದ ಕೆಲಸದ ಪರವಾನಗಿ ಕೇಳುವ ಬಹುತೇಕ ವಿದೇಶಿಯರು ರಷ್ಯನ್ ಭಾಷೆ, ಇತಿಹಾಸ, ಕಾನೂನುಗಳ ಪರೀಕ್ಷೆ ಕೊಡಬೇಕು. ಪರಿಣತರ ಕೆಲವು ವರ್ಗಗಳಿಗೆ ವಿನಾಯಿತಿ ಇದೆ. ನಿಮ್ಮದು ಯಾವ ವರ್ಗ ಎಂದು ಊರು ಬಿಡುವ ಮೊದಲೇ ಕಂಪನಿಯವರನ್ನು ಕೇಳಿಕೊಳ್ಳಿ. ರಾತ್ರಿ ಊಟದ ನಂತರ ಓದುತ್ತೇನೆ ಎಂಬ ಯೋಜನೆ ಬೇಡ, ನಿದ್ದೆಯೇ ಗೆಲ್ಲುತ್ತದೆ. ಬೆಳಗಿನ ರೈಲು, ಬಸ್ಸು, ಅಲ್ಲಿಗೆ ಹೋದ ಮೇಲೆ ಮೆಟ್ರೋ, ಇವೇ ನಿಮ್ಮ ಶಾಲೆ.

ಅಲ್ಲಿ ನಿಮ್ಮನ್ನು ಮೊದಲು ಮಾತನಾಡಿಸುವುದು ಬಹುಶಃ ದಿನಸಿ ಅಂಗಡಿಯ ಗಲ್ಲೆಯಲ್ಲಿ ಕುಳಿತ ಹೆಂಗಸು. ತಲೆ ಎತ್ತದೆ, ಒಂದೇ ಉಸಿರಿನಲ್ಲಿ, 'ಪಕ್ಯೇತ್ ನೂಝೆನ್?' ಎನ್ನುತ್ತಾಳೆ. ಚೀಲ ಬೇಕೇ ಎಂದು ಅರ್ಥ. ಚೀಲಕ್ಕೆ ಬೇರೆ ದುಡ್ಡು. ಊರಿನಿಂದ ಎರಡು ಬಟ್ಟೆ ಚೀಲ ತಂದಿದ್ದರೆ 'ನ್ಯೆತ್, ಸ್ಪಸೀಬ' ಎಂದರಾಯಿತು.